ರೌಟರೇ ಬೇರೆ, ಫೋಟೋ ಡಬ್ಬಾನೇ ಬೇರೆ

ಕಡಿಮೆ ದುಡ್ಡಲ್ಲಿ ಒಂದು ಡಬ್ಬ ತರ್ಬೇಕು, ಅದೇ ವೈಫೈ ರೌಟರೂ ಆಗ್ಬೇಕು, ಮನೆಮಂದಿ ಫೋಟೋ-ವಿಡಿಯೋ ಇಡೋ ಸರ್ವರೂ ಆಗ್ಬೇಕು ಅನ್ನೋ ಆಸೆ ಸುಮಾರು ಮನೆಗಳಲ್ಲಿದೆ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದೆ ಪುಕ್ಕಟೆ ತುಂಬೋದು ನಿಂತ್ಹೋಯ್ತಲ್ಲ, 15 ಜಿಬಿ ಮುಗಿದ್ಮೇಲೆ ಬಾಡಿಗೆ ಕಟ್ತಾ ಇರ್ಬೇಕು. ಅಲ್ಲಾಳಸಂದ್ರದ ನಮ್ಮನೇಲೂ ಇದೇ ಚರ್ಚೆ. "ಎರಡ್ಯಾಕೆ ಅತ್ತಿಗೆ, ಒಂದೇ ಸಾಕು" ಅಂತಾನೆ ಮೈದುನ. ನಾನಂತೂ ಬೇಡ ಅಂತೀನಿ.

ಯಾಕೆ ಅಂದ್ರೆ, ಸರ್ವರ್ ಅಂದ್ಮೇಲೆ ಅಪ್‌ಡೇಟು, ಡಿಸ್ಕ್ ಬದಲಾಯಿಸೋದು, ರೀಸ್ಟಾರ್ಟು ಇದ್ದಿದ್ದೇ. ರೌಟರೂ ಅದೇ ಆಗಿದ್ರೆ ಆ ಹೊತ್ತಿಗೆ ಇವರ ಆಫೀಸ್ ಮೀಟಿಂಗು, ಮಗಳ ಕ್ಲಾಸು ಎಲ್ಲಾ ಬಂದ್. ಇನ್ನೊಂದು, ರೌಟರ್ ಅನ್ನೋದು ಬೀದಿ ಕಡೆ ಬಾಗ್ಲು. ಒಡವೆ ಬೀರುನ ಯಾರಾದ್ರೂ ಜಗಲಿ ಮೇಲೆ ಇಡ್ತಾರಾ? ಅಷ್ಟಕ್ಕೂ ಫೈಬರ್ ಕನೆಕ್ಷನ್ ಜೊತೆ ಬರೋ ಡಬ್ಬಾನೇ ಸಾಮಾನ್ಯವಾಗಿ ರೌಟರ್ ಕೆಲ್ಸ ಮಾಡುತ್ತೆ. ಅದಕ್ಕೊಂದು ಪುಟ್ಟ ಯುಪಿಎಸ್ ಹಾಕಿದ್ರೆ ಕರೆಂಟ್ ಹೋದ್ರೂ ನೆಟ್ ಇರುತ್ತೆ.

ಇನ್ನು ಫೋಟೋ ಇಡೋಕೆ ಏನು ತಗೋಬೇಕು? ಅಟ್ಟದ ಮೇಲಿರೋ ಹಳೇ ಡೆಸ್ಕ್‌ಟಾಪು ಪುಕ್ಕಟೆ ಅನ್ಸುತ್ತೆ. ಲೆಕ್ಕ ಹಾಕಿ ನೋಡಿ: 70 ವಾಟ್ ಎಳೆಯೋ ಮೆಷಿನ್ನು ಹಗಲೂ ರಾತ್ರಿ ಓಡಿದ್ರೆ ತಿಂಗಳಿಗೆ 50 ಯೂನಿಟ್. ಗೃಹಜ್ಯೋತಿಲಿ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ನಾವೇ ಕಟ್ಬೇಕು. 160 ಯೂನಿಟ್ ಉರಿಸೋ ಮನೆಗೆ ಆ ಪುಕ್ಕಟೆ ಡಬ್ಬ ಎಷ್ಟು ದುಬಾರಿ ಆಗುತ್ತೆ ನೀವೇ ಹೇಳಿ. 10 ವಾಟಿಂದಾದ್ರೆ ಏಳು ಯೂನಿಟ್ಟಲ್ಲಿ ಮುಗೀತು.

ರಾಸ್ಪ್‌ಬೆರಿ ಪೈ ತಗೊಳೋದಾದ್ರೆ 3 ಬೇಡ, 4 ಅಥವಾ 5 ತಗೊಳ್ಳಿ. 3ರಲ್ಲಿ ನೆಟ್ ಕೇಬಲ್ಲೂ ಡಿಸ್ಕೂ ಒಂದೇ ಯುಎಸ್‌ಬಿ 2 ದಾರೀಲಿ ಓಡಾಡ್ಬೇಕು, ಸಂತೆ ದಿನದ ಓಣಿ ಥರ. ಆದ್ರೆ ನನ್ನ ಓಟು ಎಸ್.ಪಿ. ರೋಡಲ್ಲಿ ಸಿಗೋ, ಆಫೀಸಲ್ಲಿ ಬಳಸಿಬಿಟ್ಟ ಮಿನಿ ಪಿಸಿಗೆ. ಪುಸ್ತಕದಷ್ಟು ಗಾತ್ರ, ಕರೆಂಟೂ ಕಡಿಮೆ. ಸಾಮಾನ್ಯವಾಗಿ ಅದಕ್ಕೆ ಲ್ಯಾನ್ ಪೋರ್ಟ್ ಒಂದೇ ಇರುತ್ತೆ. ರೌಟರ್ ಮಾಡೋಕೆ ಸಲೀಸಲ್ಲ, ಫೋಟೋ ಇಡೋಕೆ ಧಾರಾಳ ಸಾಕು. ಅಂಗಡೀಲೇ ಆನ್ ಮಾಡಿಸಿ, ಅಡಾಪ್ಟರ್ ಅದರದ್ದೇನಾ ಅಂತ ನೋಡಿ ತಗೊಳ್ಳಿ.

ಡಿಸ್ಕ್ ಮಾತ್ರ ಹೊಸದೇ ಆಗ್ಲಿ, ಅದೂ ಎರಡು. ಡಬ್ಬದಲ್ಲಿ ಉಳಿಸಿದ ದುಡ್ಡು ಇಲ್ಲಿ ಹಾಕಿ. ಎರಡು ಡಿಸ್ಕನ್ನೂ ಒಂದೇ ಡಬ್ಬಕ್ಕೆ ಸೇರಿಸಿ ರೇಡ್ ಮಾಡಿದ್ರೆ ಒಂದು ಕೆಟ್ರೆ ಇನ್ನೊಂದಿರುತ್ತೆ, ನಿಜ. ಆದ್ರೆ ಕೈತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಸಿಹೋಗುತ್ತೆ, ಸಿಡಿಲು ಹೊಡೆದ್ರೆ ಎರಡೂ ಹೋಗ್ಬಹುದು. ಅದಕ್ಕೆ ಎರಡನೇದಕ್ಕೆ ತಿಂಗಳಿಗೊಮ್ಮೆ ಕಾಪಿ ಮಾಡಿ, ಪ್ಲಗ್ ಕಿತ್ತು ಬೀರುಲಿಡಿ. ಅಕ್ಕನ ಮನೇಲಿ ಇಟ್ಟರೆ ಇನ್ನೂ ವಾಸಿ.

ಒಂಟಿಯಾಗಿ ಇರೋರು, ಇದನ್ನೇ ಹವ್ಯಾಸ ಮಾಡ್ಕೊಂಡೋರು ಎರಡು ಪೋರ್ಟಿನ ಮೆಷಿನ್ ತಂದು ಎರಡೂ ಒಂದರಲ್ಲೇ ಓಡಿಸ್ಲಿ, ಬೇಡ ಅನ್ನಲ್ಲ. ಕೈಕೊಟ್ರೆ ಕೇಳೋರು ಅವರೊಬ್ಬರೇ. ನಾಲ್ಕು ಜನ ಇರೋ ಮನೇಲಿ ಹಾಗಲ್ಲ. ರೌಟರ್ ಕೆಟ್ಟರೆ ಸಂಜೆಗೆ ಹೊಸದು ತರಬಹುದು. ಮಗಳು ಮೊದಲ ಹೆಜ್ಜೆ ಇಟ್ಟ ವಿಡಿಯೋ ಎಸ್.ಪಿ. ರೋಡಲ್ಲಿ ಸಿಗಲ್ಲ.