ಮೂರು ದಿನ ಬಾಯಿ ಮುಚ್ಚಿಕೊಂಡಿರಬೇಕಂತೆ!

ಸಿನಿಮಾ ನೋಡಿ ಬಂದವರನ್ನು ‘ಹೇಗಿದೆ?’ ಎಂದು ಕೇಳುವುದು, ಅವರು ‘ಪರವಾಗಿಲ್ಲ’ ಅಂತಲೋ ‘ದುಡ್ಡು ದಂಡ’ ಅಂತಲೋ ಹೇಳುವುದು ಟೆಂಟ್ ಕಾಲದಿಂದಲೂ ನಡೆದುಕೊಂಡು ಬಂದದ್ದು. ಅದಕ್ಕೆ ತಡೆ ಕೊಡಿ ಎಂದು ಒಂದು ಉದ್ಯಮವೇ ಕೋರ್ಟಿನ ಮೆಟ್ಟಿಲು ಹತ್ತುತ್ತದೆ ಎಂದು ಹತ್ತು ವರ್ಷದ ಹಿಂದೆ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಈಗ ಹತ್ತಿಯಾಗಿದೆ. ಇಂಥದ್ದೊಂದು ಆದೇಶ ಕನ್ನಡ ಚಿತ್ರಕ್ಕೂ ಬಂದಾಗಿದೆ.

2025ರ ಡಿಸೆಂಬರ್ 11ರಂದು ದರ್ಶನ್ ನಟನೆಯ ‘ದಿ ಡೆವಿಲ್’ ತೆರೆಗೆ ಬಂತು. ಬುಕ್‌ಮೈಶೋದಲ್ಲಿ ಟಿಕೆಟ್ ಹುಡುಕಿದವರಿಗೆ ಆಸನವೂ ಇತ್ತು, ದರವೂ ಇತ್ತು. ರೇಟಿಂಗ್ ಮತ್ತು ವಿಮರ್ಶೆ ಇರಬೇಕಾದ ಜಾಗದಲ್ಲಿ ಮಾತ್ರ, ನ್ಯಾಯಾಲಯದ ಆದೇಶದಂತೆ ಅವನ್ನು ನಿಲ್ಲಿಸಲಾಗಿದೆ ಎಂಬ ಒಕ್ಕಣೆ. ಮರುತಿಂಗಳು ಸಂಕ್ರಾಂತಿಗೆ ತೆಲುಗಿನಲ್ಲಿ ಬಂದ ಚಿರಂಜೀವಿಯವರ ಚಿತ್ರಕ್ಕೂ ಇದೇ ಏರ್ಪಾಡು. ತಮಿಳಿನವರು ಇನ್ನೂ ಮುಂದೆ ಹೋಗಿದ್ದರು. 2024ರಲ್ಲಿ ‘ಇಂಡಿಯನ್ 2’, ‘ವೇಟ್ಟೈಯನ್’, ‘ಕಂಗುವಾ’ ಒಂದರ ಹಿಂದೊಂದು ಏಟು ತಿಂದ ಮೇಲೆ ಅಲ್ಲಿನ ನಿರ್ಮಾಪಕರು, ಯೂಟ್ಯೂಬ್ ಚಾನೆಲ್‌ನವರನ್ನು ಥಿಯೇಟರ್ ಆವರಣಕ್ಕೇ ಬಿಡಬೇಡಿ ಎಂದು ಪ್ರದರ್ಶಕರನ್ನು ಕೇಳಿದರು. ಬಿಡುಗಡೆಯಾದ ಮೂರು ದಿನ ಯಾರೂ ವಿಮರ್ಶೆ ಹಾಕದಂತೆ ಮಾಡಿ ಎಂದು ಮದ್ರಾಸ್ ಹೈಕೋರ್ಟಿಗೂ ಹೋದರು. ಕೋರ್ಟು ನೋಟಿಸ್ ಕೊಟ್ಟಿತೇ ಹೊರತು ತಡೆ ಕೊಡಲಿಲ್ಲ. ಅದಕ್ಕೂ ಮೊದಲು ಕೇರಳದಲ್ಲಿ ಒಬ್ಬ ನಿರ್ದೇಶಕರು ಏಳು ದಿನದ ಮೌನ ಕೇಳಿದ್ದರು. ತಾನು ಯಾರ ಬಾಯಿಗೂ ಬೀಗ ಹಾಕಿಲ್ಲ, ಮುಖವಿಲ್ಲದೆ ದುರುದ್ದೇಶದಿಂದ ಬರೆಯುವವರ ಬಗ್ಗೆಯಷ್ಟೇ ತನ್ನ ಚಿಂತೆ ಎಂದು ಅಲ್ಲಿನ ಹೈಕೋರ್ಟು ಸ್ಪಷ್ಟಪಡಿಸಿತು. ಆದರೆ ಅದೇ ಕೋರ್ಟಿಗೆ ನೆರವಾಗಲು ನೇಮಕವಾಗಿದ್ದ ಅಮಿಕಸ್ ಕ್ಯೂರಿ 2024ರ ಮಾರ್ಚ್‌ನಲ್ಲಿ ಕೊಟ್ಟ ವರದಿಯಲ್ಲಿ, ವ್ಲಾಗರ್‌ಗಳು 48 ಗಂಟೆ ತಡೆದುಕೊಳ್ಳಲಿ ಎಂಬ ಸಲಹೆ ಇತ್ತು.

ಏಳು ದಿನ, ಮೂರು ದಿನ, 48 ಗಂಟೆ. ತರಕಾರಿ ಮಂಡಿಯ ಚೌಕಾಸಿಯಂತಿದೆ. ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದು ಚರ್ಚೆಯ ವಿಷಯವೇ ಅಲ್ಲ. ಟಿಕೆಟ್ ಕೊಂಡವನಿಗೆ ಸುಮ್ಮನಿರು ಎನ್ನಲು ನಿರ್ಮಾಪಕ ಯಾರು?

ನಿರ್ಮಾಪಕರ ದೂರು ಪೂರ್ತಿ ಸುಳ್ಳು ಎಂದು ನಾನೇನೂ ಹೇಳುವುದಿಲ್ಲ. ಬೆಳಗಿನ ಆಟ ಇಂಟರ್‌ವಲ್‌ಗೂ ಬಂದಿರುವುದಿಲ್ಲ, ಅಷ್ಟರಲ್ಲೇ ಸಿನಿಮಾಗೆ ಹತ್ತಕ್ಕೆ ಒಂದು ಕೊಟ್ಟ ಖಾತೆಗಳು ಸಾಲುಗಟ್ಟಿರುತ್ತವೆ. ಎದುರು ಬಣದ ಅಭಿಮಾನಿಗಳು ರಾತ್ರಿಯಿಡೀ ಅದಕ್ಕೆಂದೇ ಕೂತಿರುತ್ತಾರೆ. ‘ಇಷ್ಟು ಕೊಟ್ಟರೆ ಚೆನ್ನಾಗಿ ಹೇಳ್ತೀವಿ, ಇಲ್ಲದಿದ್ದರೆ ನೋಡ್ಕೊಳ್ಳಿ’ ಎನ್ನುವ ಚಾನೆಲ್‌ಗಳ ಕತೆಯನ್ನು ಗಾಂಧಿನಗರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸರಿ, ಈ ಕೊನೆಯದು ಸುಲಿಗೆ. ಸುಲಿಗೆಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಶಿಕ್ಷೆ ಇದೆ, ಠಾಣೆಗೆ ಹೋಗಿ ದೂರು ಕೊಡಿ. ವಾಟ್ಸ್ಆ್ಯಪ್ ಸಂದೇಶ ತೋರಿಸಿ. ಹಾಗೆ ಹೋಗುವವರು ಎಷ್ಟು ಮಂದಿ? ಬಹುತೇಕರು ಹೋಗುವುದಿಲ್ಲ, ಏಕೆಂದರೆ ಅದೇ ಚಾನೆಲ್‌ಗೆ ಹಿಂದಿನ ಚಿತ್ರಕ್ಕೆ ತಾವೇ ಪ್ಯಾಕೇಜ್ ಕೊಟ್ಟಿರುತ್ತಾರೆ. ಕಳ್ಳ ಸಿಗಲಿಲ್ಲವೆಂದು ಊರವರಿಗೆಲ್ಲ ಕರ್ಫ್ಯೂ ಹಾಕಿಸುವ ಈ ಬೇಡಿಕೆ ಹುಟ್ಟಿರುವುದೇ ಅಲ್ಲಿ.

ಮೂರೇ ದಿನ ಏಕೆ? ದೊಡ್ಡ ಚಿತ್ರದ ದುಡ್ಡು ಬರುವುದು ಶುಕ್ರವಾರದಿಂದ ಭಾನುವಾರದವರೆಗೆ. ಸ್ಟಾರ್ ಹೆಸರು, ಹಾಡು, ಟ್ರೇಲರ್, ಕಟೌಟುಗಳ ಬಲದಲ್ಲಿ ಮುಂಗಡ ಬುಕಿಂಗ್ ಆಗುತ್ತದೆ. ಸೋಮವಾರದಿಂದ ಚಿತ್ರ ತನ್ನ ಕಾಲ ಮೇಲೆ ನಿಲ್ಲಬೇಕು. ಅದರ ಮೇಲೆ ಮಲ್ಟಿಪ್ಲೆಕ್ಸ್‌ಗಳಲ್ಲಿ ವಾರ ಕಳೆದಂತೆ ನಿರ್ಮಾಪಕರ ಕಡೆಯ ಪಾಲು ಇಳಿಯುತ್ತಾ ಹೋಗುವುದು ರೂಢಿ. ಹಾಗಾಗಿ ಮೊದಲ ವಾರಾಂತ್ಯವೇ ಬೆಳೆ, ಆಮೇಲಿನದು ಹಕ್ಕಲು ಆಯ್ದುಕೊಳ್ಳುವುದು. ಆ ಮೂರು ದಿನ ಗುಟ್ಟು ರಟ್ಟಾಗದಿದ್ದರೆ ಸಾಕು ಎಂಬುದು ಲೆಕ್ಕಾಚಾರ. ‘ಸಿನಿಮಾ ಉಳಿಸಿ’ ಎಂಬ ಕಣ್ಣೀರಿನ ಅಡಿಯಲ್ಲಿರುವುದು ಇಷ್ಟೇ: ಗೊತ್ತಾಗುವ ಮೊದಲು ಗಿರಾಕಿಯ ಜೇಬಿಗೆ ಕೈ ಹಾಕಬೇಕು.

ಆ ಜೇಬಿನ ಕಡೆಗೂ ಒಮ್ಮೆ ನೋಡೋಣ. ಬೆಂಗಳೂರಿನ ಮಾಲ್‌ನಲ್ಲಿ ಶನಿವಾರ ಸಂಜೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಒಂದು ಸ್ಟಾರ್ ಚಿತ್ರಕ್ಕೆ ಹೋದರೆ ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿ ಎರಡು ಸಾವಿರ ಮುಟ್ಟುವುದು ಅಪರೂಪವೇನಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿತು. ಅದು ಜಾರಿಯಾಗಿ ಎರಡು ವಾರ ತುಂಬುವ ಮೊದಲೇ ಹೈಕೋರ್ಟಿನಿಂದ ಮಧ್ಯಂತರ ತಡೆ ಬಂತು. ತಡೆ ಕೇಳಿದವರಲ್ಲಿ ಮಲ್ಟಿಪ್ಲೆಕ್ಸ್‌ನವರು ಮಾತ್ರವಲ್ಲ, ದೊಡ್ಡ ನಿರ್ಮಾಣ ಸಂಸ್ಥೆಯೂ ಇತ್ತು. ದರ ಎಷ್ಟಿರಬೇಕು ಎಂಬುದನ್ನು ಮಾರುಕಟ್ಟೆಗೆ ಬಿಡಿ ಎನ್ನುವುದು ಇವರ ವಾದ. ಒಪ್ಪೋಣ. ಮಾರುಕಟ್ಟೆ ಎಂದ ಮೇಲೆ ಗಿರಾಕಿ ಮಾಲು ಹೇಗಿದೆ ಅಂತ ಪಕ್ಕದವನನ್ನು ಕೇಳುತ್ತಾನೆ. ದರಕ್ಕೆ ಮಾತ್ರ ಮುಕ್ತ ಮಾರುಕಟ್ಟೆ, ಮಾತಿಗೆ ನಿರ್ಬಂಧ ಅಂದರೆ ಅದ್ಯಾವ ಸೀಮೆಯ ವ್ಯಾಪಾರ?

ನನಗೆ ಹೆಚ್ಚು ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ಈ ಮೌನದಿಂದ ಮೊದಲು ಸಾಯುವುದು ಸಣ್ಣ ಕನ್ನಡ ಚಿತ್ರ. ಹೊಸಬರ ಚಿತ್ರಕ್ಕೆ ಶುಕ್ರವಾರ ಸಿಗುವ ಆಟಗಳನ್ನು ಗಮನಿಸಿದ್ದೀರಾ? ಒಂದು ಮಾಲ್‌ನಲ್ಲಿ ಬೆಳಗ್ಗೆ ಹತ್ತರ ಆಟ, ಇನ್ನೊಂದರಲ್ಲಿ ರಾತ್ರಿ ಹತ್ತೂವರೆಯದು. ಮೆಟ್ರೊ ಕಂಬದ ಮೇಲೆ ಪೋಸ್ಟರ್ ಇಲ್ಲ, ಎಫ್‌ಎಂನಲ್ಲಿ ಜಾಹೀರಾತಿಲ್ಲ. ನಿರ್ದೇಶಕನೇ ಥಿಯೇಟರ್ ಬಾಗಿಲಲ್ಲಿ ನಿಂತು ಹೊರಬರುವವರ ಮುಖ ನೋಡುತ್ತಿರುತ್ತಾನೆ. ಸೋಮವಾರದೊಳಗೆ ಜನ ಬರದಿದ್ದರೆ ಮಂಗಳವಾರ ಶೋ ಎತ್ತಿಬಿಡುತ್ತಾರೆ. ಅವನ ಪಾಲಿಗೆ ಆ ಮೂರು ದಿನ ಆರಂಭವಲ್ಲ, ಪೂರ್ಣಾಯುಷ್ಯ. ಆ ಆಯುಷ್ಯದಲ್ಲಿ ಅವನಿಗಿರುವ ಏಕೈಕ ಜಾಹೀರಾತು ಎಂದರೆ ಬೆಳಗಿನ ಆಟ ನೋಡಿದ ಯಾರೋ ಒಬ್ಬರು ಬಸ್ಸಿನಲ್ಲಿ ಕೂತು ಫೇಸ್‌ಬುಕ್‌ನಲ್ಲಿ ಬರೆಯುವ ನಾಲ್ಕು ಸಾಲು. ಅದನ್ನೂ ನಿಲ್ಲಿಸಿ ಅಂತಾರೆ!

‘ರಂಗಿತರಂಗ’ ನೆನಪಿಸಿಕೊಳ್ಳಿ. 2015ರ ಜುಲೈ 3ರಂದು ಬಂತು. ಅನೂಪ್ ಭಂಡಾರಿ ಆಗ ಹೊಸಬರು, ನಿರೂಪ್ ಕೂಡ ಹೊಸಬರು. ಸರಿಯಾಗಿ ಒಂದು ವಾರಕ್ಕೆ ‘ಬಾಹುಬಲಿ’ ಬಂದು ತೆರೆಗಳನ್ನು ಬಾಚಿಕೊಳ್ಳಲು ನಿಂತಿತು. ಆ ಚಿತ್ರವನ್ನು ಉಳಿಸಿದ್ದು ಅದರ ಮೊದಲ ವಾರದ ಪ್ರೇಕ್ಷಕರು. ನೋಡಿದವರು ಸುಮ್ಮನೆ ಕೂರಲಿಲ್ಲ, ಬರೆದರು, ಜಗಳವಾಡಿದರು, ಇನ್ನೊಬ್ಬರನ್ನು ಎಳೆದುಕೊಂಡು ಹೋದರು. ‘777 ಚಾರ್ಲಿ’ ತಂಡ 2022ರಲ್ಲಿ ಬಿಡುಗಡೆಗೆ ಮೊದಲೇ ದೇಶದ ಹಲವು ನಗರಗಳಲ್ಲಿ ಪೇಯ್ಡ್ ಪ್ರೀಮಿಯರ್ ಇಟ್ಟಿತು. ನೋಡಿ, ಬಾಯಿಬಿಟ್ಟು ಹೇಳಿ ಎಂಬ ಧೈರ್ಯ ಅದು. 2025ರ ಜುಲೈ 25ರಂದು ಬಂದ ‘ಸು ಫ್ರಮ್ ಸೋ’ ಕೂಡ ಅದೇ ದಾರಿ ಹಿಡಿಯಿತು. ರಂಗಭೂಮಿಯಿಂದ ಬಂದ ಜೆ.ಪಿ. ತುಮಿನಾಡು ನಿರ್ದೇಶನ, ಕರಾವಳಿಯ ಒಂದು ಹಳ್ಳಿಯ ದೆವ್ವದ ಗುಲ್ಲು, ದೊಡ್ಡ ಸ್ಟಾರ್ ಇಲ್ಲ. ಮಂಗಳೂರು, ಮೈಸೂರು ಕಡೆ ಪ್ರೀಮಿಯರ್ ನೋಡಿ ನಕ್ಕವರ ಬಾಯಿಂದ ಬಾಯಿಗೆ ಸುದ್ದಿ ಹೋಗಿ, ಬೆಂಗಳೂರಿನಲ್ಲಿ ನಡುರಾತ್ರಿ, ಬೆಳಗಿನ ಜಾವದ ಆಟಗಳನ್ನು ಸೇರಿಸಬೇಕಾಯಿತು. ಆ ವಾರ ಮೂರು ದಿನದ ಮೌನವ್ರತ ಜಾರಿಯಲ್ಲಿದ್ದಿದ್ದರೆ? ನಾವು ಅದನ್ನು ಓಟಿಟಿಯಲ್ಲಿ ನೋಡಿ, ‘ಅಯ್ಯೋ ಥಿಯೇಟರ್‌ನಲ್ಲೇ ನೋಡಬೇಕಿತ್ತು’ ಎಂದು ಲೊಚಗುಟ್ಟುತ್ತಿದ್ದೆವು. ಹೀಗೆ ಲೊಚಗುಟ್ಟಿದ ಚಿತ್ರಗಳ ಪಟ್ಟಿ ಕನ್ನಡದಲ್ಲಿ ಈಗಾಗಲೇ ಬೇಕಾದಷ್ಟು ಉದ್ದವಿದೆ.

ಇನ್ನು ಉದ್ಯಮದ ಬಾಯಿಯ ವಿಷಯ. ವಿಮರ್ಶಕರು ಮೂರು ದಿನ ತಡೆಯಬೇಕಂತೆ, ಇವರು ಮೂರು ಗಂಟೆಯೂ ತಡೆಯುವುದಿಲ್ಲ. ಶುಕ್ರವಾರ ಮಧ್ಯಾಹ್ನಕ್ಕೆ ‘ಬ್ಲಾಕ್‌ಬಸ್ಟರ್’ ಎಂಬ ಪೋಸ್ಟರ್ ಹೊರಬರುತ್ತದೆ. ಶನಿವಾರ ಸಕ್ಸಸ್ ಮೀಟ್, ಕೇಕು, ಹಾರ, ಕೈಗೆ ಚಿನ್ನದ ಕಡಗ. ಸೆಲೆಬ್ರಿಟಿ ಶೋ ಮುಗಿಸಿ ಬಂದ ಸಹನಟರು ಸಾಲಾಗಿ ನಿಂತು, ಇಂಥ ಸಿನಿಮಾ ಕನ್ನಡದಲ್ಲಿ ಬಂದೇ ಇಲ್ಲ ಎನ್ನುತ್ತಾರೆ. ಅದೇ ಮಾತನ್ನು ಹಿಂದಿನ ವಾರದ ಚಿತ್ರಕ್ಕೂ ಹೇಳಿರುತ್ತಾರೆ. ಎಷ್ಟು ಕೋಟಿ ಬಂತು ಎಂಬ ಅಂಕಿಗೆ ಲೆಕ್ಕಪತ್ರ ಯಾರೂ ಕೇಳುವಂತಿಲ್ಲ. ಇವೂ ಅಭಿಪ್ರಾಯಗಳೇ ತಾನೇ? ಮೌನವೇ ಬೇಕಿದ್ದರೆ ಎರಡೂ ಕಡೆ ಇರಲಿ. ಬಿಡುಗಡೆಯ ದಿನದಿಂದ ಭಾನುವಾರ ರಾತ್ರಿಯವರೆಗೆ ಹೊಗಳಿಕೆಯ ಪೋಸ್ಟರ್ ಬೇಡ, ನಟರ ಸಂದರ್ಶನ ಬೇಡ, ಹತ್ತಕ್ಕೆ ಹತ್ತು ರೇಟಿಂಗ್ ಕೊಟ್ಟ ‘ಕುಟುಂಬ ಪ್ರೇಕ್ಷಕರ’ ರೀಲ್ಸ್ ಬೇಡ. ಈ ಷರತ್ತಿಗೆ ಸಹಿ ಹಾಕುವ ನಿರ್ಮಾಪಕರು ಒಬ್ಬರಿದ್ದರೂ ಮುಂದೆ ಬರಲಿ.

ವಿಮರ್ಶಕರೆಲ್ಲ ಸಾಚಾ ಎಂದು ಇದರ ಅರ್ಥವಲ್ಲ. ಕೆ.ಜಿ. ರಸ್ತೆಯ ಥಿಯೇಟರಿನ ಮುಂದೆ ಮೊದಲ ಆಟ ಬಿಟ್ಟಾಗ ಒಮ್ಮೆ ನಿಂತು ನೋಡಬೇಕು. ಗೇಟು ತೆರೆಯುತ್ತಲೇ ಬಣ್ಣಬಣ್ಣದ ಲೋಗೊ ಹಾಕಿದ ಮೈಕುಗಳು ಹತ್ತಾರು, ಒಂದೊಂದರ ಹಿಂದೆ ಸೆಲ್ಫಿ ಸ್ಟಿಕ್ಕಿಗೆ ಸಿಕ್ಕಿಸಿದ ಮೊಬೈಲ್. ಚಪ್ಪಲಿ ಕಿತ್ತುಹೋದ ಅಭಿಮಾನಿ, ಗಂಟಲು ಒಡೆದ ದನಿಯಲ್ಲಿ ‘ಬೆಂಕಿ ಗುರು ಬೆಂಕಿ’ ಎಂದು ಕೂಗಿದರೆ ಮೈಕಿನವನಿಗೆ ಖುಷಿ. ಪಕ್ಕದಲ್ಲಿ ಬ್ಯಾಗು ಹೆಗಲಿಗೇರಿಸಿದ ಹುಡುಗಿಯೊಬ್ಬಳು ‘ಸೆಕೆಂಡ್ ಹಾಫ್‌ನಲ್ಲಿ ತಾಯಿ ಪಾತ್ರಾನೇ ಮರ್ತುಬಿಟ್ರು’ ಎಂದು ಹೇಳಲು ಶುರು ಮಾಡಿದರೆ ಆ ಮೈಕು ಆಗಲೇ ಬೇರೆ ಕಡೆ ತಿರುಗಿರುತ್ತದೆ. ಅವಳ ಮಾತೇ ಆ ದಿನದ ನಿಜವಾದ ವಿಮರ್ಶೆ, ಅದು ಮಾತ್ರ ಎಲ್ಲೂ ದಾಖಲಾಗುವುದಿಲ್ಲ. ಅವಹೇಳನವನ್ನೇ ಬಂಡವಾಳ ಮಾಡಿಕೊಂಡು, ನಟಿಯ ಮೈಮಾಟದ ಮೇಲೆ ಜೋಕು ಹೊಡೆಯುವ ಚಾನೆಲ್‌ಗಳ ಬಗ್ಗೆ ನನಗೆ ಕಿಂಚಿತ್ತೂ ಗೌರವವಿಲ್ಲ. ಕ್ಲೈಮ್ಯಾಕ್ಸ್ ಬಿಟ್ಟುಕೊಡುವವರ ಬಗ್ಗೆ ಅದಕ್ಕಿಂತ ಕಡಿಮೆ. ಆದರೂ ಕೆಟ್ಟ ವಿಮರ್ಶೆ ಎನ್ನುವುದು ಕೆಟ್ಟ ಸಿನಿಮಾದ ಹಾಗೆಯೇ, ಇಷ್ಟವಿಲ್ಲದವರು ನೋಡದೆ ಬಿಡಬಹುದು. ಕೆಟ್ಟ ಸಿನಿಮಾ ತೆಗೆಯಬಾರದೆಂದು ಯಾರೂ ಕೋರ್ಟಿಗೆ ಹೋಗಿಲ್ಲವಲ್ಲ.

ಕನ್ನಡಕ್ಕೆ ಒರಟು ವಿಮರ್ಶೆ ಹೊಸದೂ ಅಲ್ಲ. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಸಿನಿಮಾದವರ ಮುಲಾಜು ನೋಡಿದ ಪತ್ರಿಕೆಯಲ್ಲ. ಅದರ ಸಂಪಾದಕ ಸ್ವತಃ ‘ಪಲ್ಲವಿ’ ತೆಗೆದು ರಾಷ್ಟ್ರಪ್ರಶಸ್ತಿ ಪಡೆದವರು, ಒಂದು ಶಾಟ್ ತೆಗೆಯುವ ಕಷ್ಟ ಏನೆಂದು ಬಲ್ಲವರು. ಎಂಬತ್ತರ ದಶಕದಲ್ಲಿ ಅದರಿಂದ ಕನ್ನಡ ಚಿತ್ರರಂಗ ಮುಳುಗಿಹೋಯಿತೇ?

ಕಾನೂನಿನ ಮಾತಿಗೂ ಬರೋಣ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್, ವಿಮರ್ಶೆಗಾಗಿ ಕೃತಿಯ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ಪ್ರಾಮಾಣಿಕ ಟೀಕೆ ಮಾನಹಾನಿಯಲ್ಲ ಎನ್ನುವುದು ಇತ್ಯರ್ಥವಾದ ಸಂಗತಿ. ಹಾಗಿದ್ದೂ ತಡೆಯಾಜ್ಞೆ ಹೇಗೆ ಸಿಗುತ್ತದೆ? ಇಂಥ ದಾವೆಗಳಲ್ಲಿ ಸಾಮಾನ್ಯವಾಗಿ ಎದುರು ಪಕ್ಷ ಯಾರೆಂದೇ ಗೊತ್ತಿರುವುದಿಲ್ಲ. ಅನಾಮಧೇಯ ಪ್ರತಿವಾದಿಗೆ ನಮ್ಮ ಕೋರ್ಟುಗಳಲ್ಲಿ ‘ಅಶೋಕ್ ಕುಮಾರ್’ ಎಂದು ಹೆಸರಿಡುವ ರೂಢಿ ಇದೆ. ಪೈರಸಿ ತಡೆಯಲು ಹುಟ್ಟಿದ ಪದ್ಧತಿ ಅದು. ಬಿಡುಗಡೆಯ ಹಿಂದಿನ ದಿನ ಹೋಗಿ, ನಾಳೆ ಯಾರೋ ಕದಿಯುತ್ತಾರೆ ಎಂದು ಆದೇಶ ತರುತ್ತಿದ್ದರು. ಈಗ ನಾಳೆ ಯಾರೋ ಬೈಯುತ್ತಾರೆ ಎಂದು ತರಲು ಹೊರಟಿದ್ದಾರೆ. ಬೈಯಬಹುದಾದ ಆ ಅಶೋಕ್ ಕುಮಾರ್ ಬೇರೆ ಯಾರೂ ಅಲ್ಲ, ಬಾಲ್ಕನಿಯಲ್ಲಿ ಕೂತ ನೀವು. ನಿಮ್ಮ ಪರವಾಗಿ ವಾದಿಸಲು ಆ ದಿನ ಕೋರ್ಟಿನಲ್ಲಿ ವಕೀಲರಿರುವುದಿಲ್ಲ.

ನಕಲಿ ರೇಟಿಂಗ್ ನಿಜಕ್ಕೂ ತಡೆಯಬೇಕೆಂದಿದ್ದರೆ ದಾರಿ ಸುಲಭ. ಬಾಗಿಲಲ್ಲಿ ಸ್ಕ್ಯಾನ್ ಆದ ಟಿಕೆಟಿನ ಖಾತೆಗೆ ಮಾತ್ರ, ಆಟ ಮುಗಿಯುವ ಹೊತ್ತಿನ ನಂತರವಷ್ಟೇ ರೇಟಿಂಗ್ ಕೊಡುವ ಅವಕಾಶ ಇಡಿ. ಆನ್‌ಲೈನ್ ವಿಮರ್ಶೆ ಅಸಲಿಯೋ ನಕಲಿಯೋ ಎಂದು ಪರಿಶೀಲಿಸುವುದಕ್ಕೆ ಭಾರತೀಯ ಮಾನಕ ಬ್ಯೂರೊ 2022ರಲ್ಲೇ ಐಎಸ್ 19000 ಎಂಬ ಮಾನದಂಡ ತಂದಿದೆ. ಅದು ಕಡ್ಡಾಯವಲ್ಲ, ಕಡ್ಡಾಯ ಮಾಡಿ ಎಂದು ನಮ್ಮ ಚಲನಚಿತ್ರ ವಾಣಿಜ್ಯ ಮಂಡಳಿ ಕೇಂದ್ರಕ್ಕೆ ಒಂದು ಪತ್ರ ಬರೆಯಲಿ. ಆಗ ಬಾಟ್‌ಗಳ ಹತ್ತಕ್ಕೆ ಒಂದೂ ಹೋಗುತ್ತದೆ, ಹತ್ತಕ್ಕೆ ಹತ್ತೂ ಹೋಗುತ್ತದೆ. ಎರಡನೆಯದು ಹೋಗುವುದು ಎಷ್ಟು ಮಂದಿಗೆ ಇಷ್ಟವಾದೀತೋ ನನಗೆ ಅನುಮಾನ.

ಅಲ್ಲಿಯವರೆಗೆ ನ್ಯಾಯಾಲಯಗಳಿಗೆ ಒಂದು ಅರಿಕೆ. 200 ರೂಪಾಯಿ ದರದ ಪ್ರಕರಣದಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ, ಮುಂದೆ ಸರ್ಕಾರ ಗೆದ್ದರೆ ಪ್ರೇಕ್ಷಕರಿಗೆ ಹಣ ಮರಳಿಸಲು ಅನುಕೂಲವಾಗಲೆಂದು, ಮಾರಿದ ಪ್ರತಿ ಟಿಕೆಟಿನ ಲೆಕ್ಕ ಇಡುವಂತೆ ಮಲ್ಟಿಪ್ಲೆಕ್ಸ್‌ಗಳಿಗೆ ಹೇಳಿತ್ತು. ಆ ಷರತ್ತಿಗೆ ಆಮೇಲೆ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, ಆ ಮಾತು ಬೇರೆ. ಯೋಚನೆ ಮಾತ್ರ ಚೆನ್ನಾಗಿತ್ತು. ವಿಮರ್ಶೆ ಮುಚ್ಚಿಸಿ ಎಂದು ಇನ್ನು ಯಾವ ನಿರ್ಮಾಪಕರು ಬಂದರೂ ಮೊದಲ ಮೂರು ದಿನದ ಟಿಕೆಟ್ ಲೆಕ್ಕವನ್ನು ಹಾಗೆಯೇ ಇಡಿಸಲಿ, ಆ ದಿನಗಳ ಗಳಿಕೆಯನ್ನು ಕೋರ್ಟಿನಲ್ಲಿ ಠೇವಣಿ ಇಡಿಸಲಿ. ತಡೆ ತೆರವಾದ ಮೇಲೆ ಸಿನಿಮಾ ನೋಡಿದವರು ಬಂದು, ಗೊತ್ತಿದ್ದರೆ ಹೋಗುತ್ತಿರಲಿಲ್ಲ ಎಂದರೆ ಅದರಿಂದ ಕೊಡಬಹುದು.