ಆರಿದ ಸ್ಫೋಟದ ಅನುದೀಪ್ತಿ

ಬೃಹತ್ ನಕ್ಷತ್ರವೊಂದು ತನ್ನ ಭಾರಕ್ಕೆ ತಾನೇ ಕುಸಿದು ಅಳಿಯುವಾಗ ಕೆಲವೊಮ್ಮೆ ಗಾಮಾ ಕಿರಣಗಳ ಮಹಾಸ್ಫೋಟ ಸಂಭವಿಸುತ್ತದೆ. ಸ್ಫೋಟವು ಬೇಗನೆ ಆರಿದರೂ, ಅದರಿಂದ ಚಿಮ್ಮಿದ ದ್ರವ್ಯವು ಬೆಳಕಿನ ವೇಗಕ್ಕೆ ಸಮೀಪವಾದ ವೇಗದಿಂದ ಸುತ್ತಲಿನ ಅನಿಲವನ್ನು ಅಪ್ಪಳಿಸಿ, ದಿನಗಟ್ಟಲೆ ಬೆಳಗುತ್ತಿರುತ್ತದೆ. ಹೀಗೆ ಉಳಿದ ಬೆಳಕೇ ಅನುದೀಪ್ತಿ. 1997ರ ಫೆಬ್ರುವರಿಯಲ್ಲಿ ಬೆಪ್ಪೋಸ್ಯಾಕ್ಸ್ ಉಪಗ್ರಹವು ಎಕ್ಸ್ ಕಿರಣಗಳಲ್ಲಿ ಅದನ್ನು ಮೊತ್ತಮೊದಲು ಗುರುತಿಸಿತು.

ಅನುದೀಪ್ತಿಯನ್ನು ವಿವರಿಸುವ ಗಣಿತ ಮಾದರಿ ಸೊಗಸಾದುದು. ಅಪ್ಪಳಿಕೆಯಿಂದ ವೇಗ ಪಡೆದ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತ ಸಿಂಕ್ರೊಟ್ರಾನ್ ವಿಕಿರಣವನ್ನು ಸೂಸುತ್ತವೆ. ಆದರೆ ಇದಕ್ಕೊಂದು ಮಿತಿಯುಂಟು. ಗಳಿಸುವ ಶಕ್ತಿಗಿಂತ ಸೂಸಿ ಕಳೆದುಕೊಳ್ಳುವ ಶಕ್ತಿಯೇ ಹೆಚ್ಚಾದಾಗ ಎಲೆಕ್ಟ್ರಾನು ಮುಂದೆ ಏರಲಾರದು. ಗಳಿಕೆಯನ್ನು ಮೀರಿದ ಖರ್ಚಿನಿಂದ ಯಾವ ಮನೆ ತಾನೇ ಏಳಿಗೆಯಾದೀತು! ಈ ಮಿತಿಯನ್ನು ದಾಟಿದ ಫೋಟಾನುಗಳು ಕಂಡರೆ ಅವುಗಳಿಗೆ ಬೇರೆ ಕಾರಣ ಹುಡುಕಬೇಕು.

2019ರ ಜನವರಿ 14ರಂದು ಲಾ ಪಾಲ್ಮಾ ದ್ವೀಪದ ಮ್ಯಾಜಿಕ್ ದೂರದರ್ಶಕಗಳಿಗೆ ಅಂತಹವೇ ದೊರೆತವು. ಕಣ್ಣಿಗೆ ಕಾಣುವ ಬೆಳಕಿನ ಫೋಟಾನಿನ ಶಕ್ತಿ ಸುಮಾರು 2 ಎಲೆಕ್ಟ್ರಾನ್ ವೋಲ್ಟ್. ಇವುಗಳದು 1 ಲಕ್ಷಕೋಟಿಯವರೆಗೆ. ಎಲೆಕ್ಟ್ರಾನುಗಳು ತಾವು ಸೂಸಿದ ಫೋಟಾನುಗಳನ್ನೇ ಮತ್ತೆ ತಾಕಿ ಅವುಗಳಿಗೆ ಶಕ್ತಿ ತುಂಬುತ್ತವೆ ಎಂಬ, ಮೊದಲೇ ಊಹಿಸಿದ್ದ ಕ್ರಿಯೆಯನ್ನು ಸೇರಿಸಿದಾಗ ಲೆಕ್ಕ ಕೂಡಿಬಂದಿತು.

ಲೆಕ್ಕ ಕೂಡಿಬಂದ ಮಾತ್ರಕ್ಕೆ ಸತ್ಯವು ಕೈಸೇರಿತೆಂದು ಹಿಗ್ಗುವುದು ಸಲ್ಲದು. ಅನಿಲದ ಸಾಂದ್ರತೆ, ಎಲೆಕ್ಟ್ರಾನುಗಳಿಗೆ ದಕ್ಕಿದ ಶಕ್ತಿಯ ಪಾಲು, ಕಾಂತಕ್ಷೇತ್ರಕ್ಕೆ ದಕ್ಕಿದ ಪಾಲು—ಇವಾವುವನ್ನೂ ನೇರವಾಗಿ ಅಳೆಯಲಾಗದು; ವೀಕ್ಷಣೆಗೆ ಹೊಂದುವಂತೆ ಆರಿಸಿಕೊಳ್ಳಲಾಗುತ್ತದೆ. ಮೈಯ ಅಳತೆ ಹಿಡಿದು ಹೊಲಿದ ಅಂಗಿಯು ಮೈಗೆ ಒಪ್ಪಿದರೆ ಅದರಲ್ಲಿ ಬೆರಗೇನು? ಮತ್ತೊಂದು ಸ್ಫೋಟದ ಮುಂದೆ ಮಾದರಿ ನಿಲ್ಲುವುದೇ ಎಂಬುದೇ ನಿಜವಾದ ಪರೀಕ್ಷೆ.

ಅಂತಹ ಪರೀಕ್ಷೆ ಅದೇ ವರ್ಷದ ಆಗಸ್ಟಿನಲ್ಲಿ ಒದಗಿತು. ನಮೀಬಿಯಾದ ಹೆಸ್ ದೂರದರ್ಶಕಗಳು ಹೋಲಿಕೆಯಲ್ಲಿ ಸಮೀಪದ್ದೇ ಆದ ಸ್ಫೋಟವೊಂದರ ಅನುದೀಪ್ತಿಯನ್ನು ಮೂರು ರಾತ್ರಿ ವೀಕ್ಷಿಸಿದವು. ಎರಡಕ್ಕೂ ಮೂಲವೊಂದೇ ಎಂಬಂತೆ, ಅದರ ಗಾಮಾ ಕಿರಣಗಳು ಎಕ್ಸ್ ಕಿರಣಗಳ ಲಯದಲ್ಲಿಯೇ ಕುಂದುತ್ತಿದ್ದವು. ಸಂಶೋಧಕರು ಸಿಂಕ್ರೊಟ್ರಾನ್ ಮಿತಿಯನ್ನೇ ಪ್ರಶ್ನಿಸಿದರು. ಬೇರೆ ಕೆಲವರು ಒಪ್ಪದೆ, ಜನವರಿಯ ವಿವರಣೆಯೇ ಇದಕ್ಕೂ ಸಾಲುವುದೆಂದು ವಾದಿಸಿದರು. ಈ ಭಿನ್ನಾಭಿಪ್ರಾಯವು ಜನವರಿಯ ಹೊಂದಾಣಿಕೆಗಿಂತ ಬೆಲೆಯುಳ್ಳದ್ದು. ಮಾದರಿಯು ಎಲ್ಲಿ ಎಡವಬಹುದೆಂಬುದನ್ನು ಅದು ತೋರಿಸಿಕೊಟ್ಟಿತು.

2022ರ ಅಕ್ಟೋಬರ್ 9ರ ಸ್ಫೋಟದಿಂದ ಬಂದ 64,000ಕ್ಕೂ ಹೆಚ್ಚು ಫೋಟಾನುಗಳನ್ನು ಚೀನದ ಲಾಸೊ ವೀಕ್ಷಣಾಲಯವು ದಾಖಲಿಸಿತು. ಕೆಲವುಗಳ ಶಕ್ತಿ 10 ಲಕ್ಷಕೋಟಿ ಎಲೆಕ್ಟ್ರಾನ್ ವೋಲ್ಟನ್ನೂ ಮೀರಿದ್ದಿತು. ಸುಮಾರು 200 ಕೋಟಿ ವರ್ಷಗಳ ಹಾದಿಯಲ್ಲಿ, ನಕ್ಷತ್ರಗಳು ಚೆಲ್ಲಿದ ಬೆಳಕಿಗೆ ಸಿಲುಕಿ ಅಂತಹವುಗಳಲ್ಲಿ ಬಹುಪಾಲು ಅಳಿದುಹೋಗಬೇಕು. ಇವು ಉಳಿದು ಬಂದುದು ಹೇಗೆಂಬುದನ್ನು ಇನ್ನೂ ಚರ್ಚಿಸಲಾಗುತ್ತಿದೆ.