ವೃಷಭಾವತಿ ಕಣಿವೆಯ ಸೊಪ್ಪಿನ ತೋಟಗಳಿಗೆ ಸಂಸ್ಕರಿತ ನೀರು ಕೋರಿ ಮನವಿ ಪತ್ರ

ಬೆಂಗಳೂರಿನೊಳಗೆ ಬೇಸಾಯ ಹೊಸ ಪ್ರಯೋಗವೇನಲ್ಲ. ಇಂದು ಕಂಠೀರವ ಕ್ರೀಡಾಂಗಣವಿರುವಲ್ಲಿ ಸಂಪಂಗಿ ಕೆರೆಯಿತ್ತು, ಅದರ ಸುತ್ತ ತಿಗಳರ ತೋಟಗಳಿದ್ದವು. ಕೆರೆ ಹೋಗಿ ಕರಗದ ವಿಧಿಗೊಂದು ಪುಟ್ಟ ಕೊಳ ಉಳಿಯಿತು. ವೃಷಭಾವತಿ ಕಣಿವೆಯಲ್ಲಿ ಮಾತ್ರ ಇನ್ನೂ ಕೆಲವೆಡೆ ಮೆಂತ್ಯ, ದಂಟು, ಪಾಲಕ್, ಸಬ್ಬಸಿಗೆ ಬೆಳೆಯುತ್ತಿದ್ದಾರೆ. ಮೆಂತ್ಯ ಬಿತ್ತಿದ ತಿಂಗಳೊಳಗೆ ಕೀಳಲು ಬರುತ್ತದೆ. ಸಂಜೆ ಕಿತ್ತು ಬಾಳೆನಾರಿನಲ್ಲಿ ಕಟ್ಟಿದ ಕಟ್ಟುಗಳು ಬೆಳಗಿನ ಜಾವಕ್ಕೆ ಕೆ.ಆರ್. ಮಾರುಕಟ್ಟೆ ಸೇರುತ್ತವೆ. ಇದಕ್ಕೆ ದೂರದ ಲಾರಿಯೂ ಬೇಡ, ಶೀತಲಗೃಹವೂ ಬೇಡ. ನಗರದಲ್ಲಿ ಸುಸ್ಥಿರ ಕೃಷಿ ಎಂದು ಸಮಾವೇಶಗಳಲ್ಲಿ ಬಣ್ಣಿಸುವುದು ಇದನ್ನೇ.

ತೊಡಕಿರುವುದು ರಾಜಕಾಲುವೆಯಿಂದ ತೋಟಗಳಿಗೆ ಎತ್ತುವ ನೀರಿನಲ್ಲಿ. ಅದಕ್ಕೆ ಸೇರುವ ಮನೆಗಳ ಕೊಳಚೆಯಲ್ಲಿ ಸಾರಜನಕ, ರಂಜಕಗಳಿವೆ, ರೋಗಾಣುಗಳೂ ಇವೆ. ರೋಗಾಣುಗಳಿಗೆ ಉಪಾಯವುಂಟು. ನೀರನ್ನು ಹೊಂಡದಲ್ಲಿ ತಂಗಿಸುವುದು, ಎಲೆಗೆ ತಾಗದಂತೆ ಬುಡಕ್ಕೆ ಹನಿಸುವುದು, ಕೊಯ್ಲಿಗೆ ಕೆಲವು ದಿನ ಮೊದಲೇ ನೀರು ನಿಲ್ಲಿಸುವುದು ಇವೆಲ್ಲ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯಲ್ಲೇ ಇವೆ. ಕೋಲ್ಕತ್ತದ ಪೂರ್ವದ ಜೌಗುನೆಲಗಳಲ್ಲಿ ನಗರದ ಕೊಳಚೆಯಿಂದಲೇ ಮೀನು ಸಾಕಿ ತರಕಾರಿ ಬೆಳೆಯುತ್ತಾರೆ. 2002ರಲ್ಲಿ ಅವು ರಾಮ್ಸಾರ್ ಪಟ್ಟಿಗೂ ಸೇರಿದವು. ಲೋಹಗಳ ಮಾತು ಬೇರೆ. ಲೋಹಲೇಪನದ ಕಾರ್ಖಾನೆಗಳಿಂದ ಬರುವ ಕ್ರೋಮಿಯಂ, ನಿಕ್ಕಲ್, ಕ್ಯಾಡ್ಮಿಯಂ ಹೊಂಡದಲ್ಲಿ ಸಾಯುವಂಥವಲ್ಲ. ಬೇರಿನಿಂದ ಎಲೆಗೇರಿದ ಕ್ಯಾಡ್ಮಿಯಂ ಎಷ್ಟು ತೊಳೆದರೂ ಹೋಗದು, ಸೊಪ್ಪಿನ ಬೆಳೆಗಳು ಅದನ್ನು ಹೆಚ್ಚಾಗಿಯೇ ಹೀರುತ್ತವೆ. ಕೆಲವು ನಸುಕುಗಳಲ್ಲಿ ರಾಜಕಾಲುವೆ ಹಳದಿಗೆ ತಿರುಗಿರುತ್ತದೆ, ಫುಟ್‌ವಾಲ್ವಿನ ಜಾಲರಿಗೆ ತುಕ್ಕುಬಣ್ಣದ ಲೋಳೆ ಮೆತ್ತಿರುತ್ತದೆ (ಲಗತ್ತು 1ರಿಂದ 4: ಛಾಯಾಚಿತ್ರಗಳು, ನೀರಿನ ಪರೀಕ್ಷಾ ವರದಿ).

ಕಳೆದ ಬೇಸಿಗೆಯಲ್ಲಿ ‘ವಿಷದ ಸೊಪ್ಪು’ ಎಂದು ತೋಟಗಳ ಪಂಪುಸೆಟ್ಟುಗಳನ್ನು ಜಪ್ತಿ ಮಾಡಲಾಯಿತು (ಲಗತ್ತು 5: ಮಹಜರಿನ ನಕಲು). ಜಪ್ತಿಗೆ ಬಂದ ಸಿಬ್ಬಂದಿ ವಿಷ ಸುರಿಯುವ ಪೈಪಿನವರೆಗೆ ನಡೆದು ಹೋಗಲಿಲ್ಲ. ಅದು ಬಲು ದೂರವೂ ಇರಲಿಲ್ಲ. ಹರಿಯುವ ನೀರಿಗೆ ವಿಷ ಬಿಡುವುದನ್ನು ನಿಷೇಧಿಸುವ 1974ರ ಜಲ ಕಾಯ್ದೆಯ 24ನೇ ಪ್ರಕರಣವನ್ನು ಮಾನ್ಯ ಪ್ರಾಧಿಕಾರಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಸಲ್ಲಿಸಿದ ಮನವಿಗಳಿಗೆಲ್ಲ ಸ್ವೀಕೃತಿಯ ಮುದ್ರೆ ಬಿದ್ದಿದೆ, ಉತ್ತರ ಬಂದಿಲ್ಲ (ಲಗತ್ತು 6 ಮತ್ತು 7).

ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ದಿನಕ್ಕೆ 44 ಕೋಟಿ ಲೀಟರಿನ ಯೋಜನೆ ಅದು. ಕೋಲಾರದ ರೈತರ ಮೇಲೆ ಬೆಳೆಗಾರರಿಗೆ ಹೊಟ್ಟೆಕಿಚ್ಚಿಲ್ಲ. ಪಕ್ಕದ ಜಿಲ್ಲೆಗೆ ಪೈಪು ಹಾಕಬಲ್ಲ ಸರ್ಕಾರಕ್ಕೆ ಈ ಕಣಿವೆಯಲ್ಲೇ ಇರುವ ಸಂಸ್ಕರಣಾ ಘಟಕದಿಂದ ತೋಟಗಳಿಗೆ ಪೈಪು ಹಾಕುವುದು ಹೇಗೆ ಅಸಾಧ್ಯವಾಯಿತೆಂಬುದಷ್ಟೇ ಪ್ರಶ್ನೆ. ಆದ್ದರಿಂದ ಆ ಘಟಕದಿಂದ ತೋಟಗಳಿಗೆ ನೀರು ಕೊಡಬೇಕು. ತಿಂಗಳಿಗೊಮ್ಮೆ ಲೋಹಗಳ ಪರೀಕ್ಷೆ ನಡೆಸಿ ಫಲಿತಾಂಶವನ್ನು ವಾಲ್ವಿನ ಬಳಿ ಕನ್ನಡದಲ್ಲಿ ಬರೆದು ಹಾಕಬೇಕು. ಕಾರ್ಖಾನೆಗಳ ಅಕ್ರಮ ಪೈಪುಗಳನ್ನು ಮುಚ್ಚಿಸಬೇಕು. ಅಲ್ಲಿಯವರೆಗೆ ತಿನ್ನುವ ಬೆಳೆ ಬಿಟ್ಟು ಚೆಂಡುಹೂ, ಸೇವಂತಿಗೆ ಹಾಕಲು ಬೆಳೆಗಾರರು ಒಪ್ಪಿದ್ದಾರೆ. ಹೂವಿಗೂ ನೀರೆತ್ತಬೇಕಷ್ಟೆ, ಪಂಪುಸೆಟ್ಟುಗಳನ್ನು ಹಿಂತಿರುಗಿಸಬೇಕು.

ಮಾರುಕಟ್ಟೆಯಲ್ಲಿ ಸೊಪ್ಪಿನವರಿಗೆ ನೆರಳು, ಕುಡಿಯುವ ನೀರು, ಬೆಳೆಗಾರರಿಗೆ ಗುರುತಿನ ಚೀಟಿ, ಹಸಿ ಕಸದ ಗೊಬ್ಬರಕ್ಕೆ ರಿಯಾಯಿತಿ, ತಾರಸಿ ತೋಟದ ತರಬೇತಿ ಇವನ್ನೂ ಪರಿಶೀಲಿಸಬಹುದು. ತರಬೇತಿಗೆ ಬೇಕಾಗುವ ಸಸಿಗಳನ್ನು ಕಣಿವೆಯಲ್ಲೇ ಹತ್ತು ವರ್ಷಕ್ಕೂ ಮೇಲ್ಪಟ್ಟು ನಡೆಯುತ್ತಿರುವ, ಮುಖ್ಯರಸ್ತೆಗೆ ಹೊಂದಿಕೊಂಡ ನರ್ಸರಿಯಿಂದಲೇ ಖರೀದಿಸುವುದು ಅನುಕೂಲ. ಕಾಲುವೆಗೆ ತಾಗಿದ ಖರಾಬು ಜಾಗದಲ್ಲಿ ಬೆಳೆಗಾರರ ಸಂಘದ ಕೆಲವು ಪದಾಧಿಕಾರಿಗಳು ಬಹುಕಾಲದಿಂದ ಸಾಗುವಳಿ ಮಾಡುತ್ತಿದ್ದು, ಅದನ್ನು ಅವರ ಹೆಸರಿಗೇ ಗುತ್ತಿಗೆಗೆ ಕೊಡುವ ವಿಷಯವನ್ನೂ ಇದೇ ಕಡತದಲ್ಲಿ ಇತ್ಯರ್ಥಪಡಿಸಬೇಕು (ಲಗತ್ತು 8: ಪಹಣಿ ಪ್ರತಿಗಳು).